ಮೊದಲು ಸರ್ ತೋರಿಸಲಿ

ದಾಂಡೇಲಿಯ ಒಂದು ಸಣ್ಣ ದವಾಖಾನೆಯಲ್ಲಿ ಇಸಿಜಿ ತೆಗೆಯುವ ಕೆಲಸ ನನ್ನದು. ಹದಿನೆಂಟು ವರ್ಷಗಳಿಂದ ಜನರ ಎದೆಗೆ ಬಟ್ಟಲು ಅಂಟಿಸಿ, ಕೈಕಾಲಿಗೆ ಕ್ಲಿಪ್ಪು ಹಾಕಿ, ಗುಲಾಬಿ ಚೌಕಳಿಯ ಕಾಗದದ ಮೇಲೆ ಅವರ ಗುಂಡಿಗೆಯ ಗೆರೆ ಬರಿಸಿದ್ದೇನೆ. ಗೆರೆಯ ಅರ್ಥ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಇಷ್ಟು ವರ್ಷ ನೋಡಿದ ಕಣ್ಣಿಗೆ ಯಾವುದು ಸರಿ, ಯಾವುದು ಸರಿಯಿಲ್ಲ ಎಂಬುದು ಕಾಗದ ಹೊರಬರುತ್ತಿರುವಾಗಲೇ ತಿಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರ ಗೆರೆ ಕೆಟ್ಟು ಬರಲಿ ಎಂದು ನಾನು ಹಾರೈಸಿದ್ದು ಒಂದೇ ಸಲ. ಆ ಮನುಷ್ಯ ನಮ್ಮ ಮಂಚದ ಮೇಲೆ ಬಂದು ಮಲಗುವಂತೆ ಮಾಡಿದವಳೂ ನಾನೇ.

ಅವರು ಹೈಸ್ಕೂಲಿನಲ್ಲಿ ನನಗೆ ಪಿ.ಟಿ. ಮಾಸ್ತರರಾಗಿದ್ದವರು.

ಹಳಿಯಾಳದ ಹತ್ತಿರದ ಒಂದು ಹಳ್ಳಿ ನಮ್ಮದು. ಅಪ್ಪ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಗಂಟಲು ನೋವು ಬಂದಿತು. ಅದರ ಬೆನ್ನಿಗೆ ಜ್ವರ, ಆಮೇಲೆ ಮೊಣಕಾಲು, ಮಣಿಕಟ್ಟು ಎಲ್ಲ ಬಾತುಕೊಂಡು ಹಾಸಿಗೆ ಹಿಡಿದೆ. ಧಾರವಾಡದ ಡಾಕ್ಟರೊಬ್ಬರು ಎದೆ ಪರೀಕ್ಷೆ ಮಾಡಿ, ಜ್ವರ ಗುಂಡಿಗೆಯ ಕವಾಟಕ್ಕೆ ತಾಗಿದೆ, ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತಿದೆ ಎಂದರು. ಇಪ್ಪತ್ತೊಂದು ದಿನಕ್ಕೊಮ್ಮೆ ಸೊಂಟಕ್ಕೆ ಇಂಜೆಕ್ಷನ್ ಆಗಬೇಕು, ಓಡುವುದು ಬೇಡ, ಭಾರ ಎತ್ತುವುದು ಬೇಡ. ಅಪ್ಪ ಇದನ್ನೆಲ್ಲ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ಹೈಸ್ಕೂಲಿಗೆ ಸೇರಿಸುವಾಗ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಆಟದ ಮಾಸ್ತರರಿಗೆ ತೋರಿಸು ಎಂದು ಹೇಳಿ ಕಳಿಸಿದರು.

ಮಾಸ್ತರರಿಗೆ ಆಗ ಮೂವತ್ತರ ಆಸುಪಾಸು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಬಿಗಿಯಾದ ಮೈ. ಇಡೀ ಶಾಲೆಗೆ ಅವರೆಂದರೆ ಹೆಮ್ಮೆ. ಚೀಟಿ ಓದಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಒಂದು ವರ್ಷ ಏನೂ ಹೇಳಲಿಲ್ಲ. ಆಟದ ಹೊತ್ತಿನಲ್ಲಿ ನಾನು ಗಿಡದ ಬುಡದಲ್ಲಿ ಕೂತಿರುತ್ತಿದ್ದೆ. ಒಂಬತ್ತನೇ ಇಯತ್ತೆಯಲ್ಲಿ, ತಾಲೂಕು ಕ್ರೀಡಾಕೂಟದ ಮುಂಚೆ ಒಂದು ದಿನ, ನನ್ನನ್ನೂ ಸಾಲಿನಲ್ಲಿ ನಿಲ್ಲು ಎಂದರು. ನಾನು ಚೀಟಿಯ ವಿಷಯ ನೆನಪಿಸಿದೆ. ಈ ವಯಸ್ಸಿಗೆ ಎಂಥಾ ಹಾರ್ಟು, ನಾಲ್ಕು ಸುತ್ತು ಓಡಿದರೆ ಎಲ್ಲ ಸರಿಯಾಗುತ್ತದೆ ಎಂದು ಸೀಟಿ ಊದಿದರು.

ಮೂರನೇ ಸುತ್ತಿನಲ್ಲಿ ನನಗೆ ಉಸಿರು ಸಿಗಲಿಲ್ಲ. ಮೈದಾನ ವಾರೆಯಾಯಿತು. ಕಣ್ಣು ಬಿಟ್ಟಾಗ ಮುಖದ ಮೇಲೆ ನೀರಿತ್ತು, ಬಾಯಲ್ಲಿ ಕೆಂಪು ಮಣ್ಣು. ಮಾಸ್ತರರು ಬಗ್ಗಿ ನಿಂತು, ಎಲ್ಲ ಹುಡುಗಿಯರೂ ಕೇಳುವಂತೆ ಹೇಳಿದರು: "ಏಳವಾ. ನಾಟಕ ಸಾಕು."

ಹದಿನೈದು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ. ಬಿದ್ದ ದಿನ ನನ್ನನ್ನು ಕರೆದೊಯ್ಯಲು ಶಾಲೆಗೆ ಬಂದ ಅಪ್ಪನಿಗೆ, ಹುಡುಗಿ ಬೆಳಿಗ್ಗೆ ಏನೂ ತಿಂದು ಬಂದಿರಲಿಲ್ಲ, ಅದಕ್ಕೇ ತಲೆ ತಿರುಗಿ ಬಿತ್ತು ಎಂದು ಮಾಸ್ತರರು ಹೇಳಿದ್ದರು. ಅಪ್ಪ ಅವರಿಗೆ ಕೈಮುಗಿದರು. ನಾನು ಬೆಂಚಿನ ಮೇಲೆ ಮಲಗಿ ಅದನ್ನು ನೋಡಿದೆ. ಮರಳಿ ಶಾಲೆಗೆ ಹೋದಾಗ ನನ್ನ ಹೆಸರು 'ನಾಟಕದಾಕಿ' ಆಗಿತ್ತು. ಎರಡು ವರ್ಷ ಅದೇ ಹೆಸರು. ಬಸ್ಸಿನಲ್ಲೂ ಅದೇ, ಸಂತೆಯಲ್ಲೂ ಅದೇ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ಇಪ್ಪತ್ಮೂರನೇ ವಯಸ್ಸಿಗೆ ಮುಂಡಗೋಡದ ಕಡೆಯಿಂದ ನನಗೊಂದು ಸಂಬಂಧ ಬಂತು. ಆ ಹೊತ್ತಿಗೆ ಡಾಕ್ಟರು, ಕವಾಟ ಬಹಳ ಸೋರುವುದಿಲ್ಲ, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ ಎಂದು ಹೇಳಿಬಿಟ್ಟಿದ್ದರು. ಅಪ್ಪ ಗಂಡಿನವರಿಗೆ ಎಲ್ಲವನ್ನೂ ತಾವೇ ಹೇಳಬೇಕೆಂದು ಎರಡನೇ ಭೇಟಿಗೆ ಕಾಯುತ್ತಿದ್ದರು. ಎರಡನೇ ಭೇಟಿ ಆಗಲೇ ಇಲ್ಲ. ಗಂಡಿನವರು ಹಳಿಯಾಳಕ್ಕೆ ಬಂದು, ಹುಡುಗಿ ಹೆಂಗೆ ಎಂದು ವಿಚಾರಿಸಿದ್ದು ನಮ್ಮ ಪಿ.ಟಿ. ಮಾಸ್ತರರನ್ನು. ಅವರು ಹೇಳಿದ್ದನ್ನು ಮಧ್ಯಸ್ಥಿಕೆಯವರು ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಬಂದು ಒಪ್ಪಿಸಿದರು. "ಆ ಹುಡುಗಿಗೆ ಹಾರ್ಟ್ ಐತ್ರಿ. ನನ್ನ ಮೈದಾನದಾಗ ಬಿದ್ದಿದ್ಳು. ವಿಚಾರ ಮಾಡ್ರಿ."

ಅಂದರೆ ನಾನು ಬಿದ್ದದ್ದು ನಾಟಕವಲ್ಲ ಎಂದು ಅವರಿಗೆ ಗೊತ್ತಿತ್ತು. ನಂಬಬೇಕಾದಾಗ ನಂಬಲಿಲ್ಲ. ನಂಬಿದ್ದು ನನ್ನ ಹೆಸರು ಕೆಡಿಸಲು ಬೇಕಾದಾಗ. ಆ ಮಾತು ಊರೂರು ತಿರುಗಿತು. ಮುಂದೆ ಮೂರು ಸಂಬಂಧಗಳು ನಮ್ಮ ಹೊಸ್ತಿಲು ದಾಟದೆ ತಿರುಗಿ ಹೋದವು. ಮದುವೆಯಾಗಲಿಲ್ಲ ಎಂಬ ದುಃಖ ನನ್ನದಲ್ಲ. ಆಗಬೇಕೋ ಬೇಡವೋ ಎಂದು ನಾನು ಯೋಚಿಸುವ ಮೊದಲೇ ಬೇರೊಬ್ಬರು ತೀರ್ಮಾನ ಮಾಡಿ ಮುಗಿಸಿದರಲ್ಲ, ಅದು. ನಾನು ಹುಬ್ಬಳ್ಳಿಯಲ್ಲಿ ಇಸಿಜಿ ಕಲಿತು, ದಾಂಡೇಲಿಗೆ ಬಂದು, ಅಂಬೇವಾಡಿಯಲ್ಲಿ ಮನೆ ಹಿಡಿದೆ. ಅಪ್ಪ ತೀರಿಹೋದರು. ಮಾಸ್ತರರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಆದರೆ ಮರೆತಿರಲೂ ಇಲ್ಲ.

ಎರಡು ವರ್ಷದ ಹಿಂದೆ ಚಳಿಗಾಲ ಶುರುವಾದಾಗ, ಪಕ್ಕದ ಮನೆಯವರು, ಅತ್ತಿಗೆಯ ಸಲಿಗೆಯಿಂದ ನಾನು ವೈನಿ ಎನ್ನುವವರು, ಹೊಸ ಬೂಟು ಹಾಕಿಕೊಂಡು ಬಂದು ನನಗೆ ತೋರಿಸಿದರು. ಅವರ ಯಜಮಾನರು ಕಾಗದ ಕಾರ್ಖಾನೆಯಲ್ಲಿದ್ದಾರೆ. ವೈನಿಗೆ ಐವತ್ತೆರಡು ವಯಸ್ಸು, ಆರು ವರ್ಷದಿಂದ ಬಿಪಿ ಗುಳಿಗೆ. ಬಂಗೂರನಗರದ ಮೈದಾನದಲ್ಲಿ ರಿಟೈರ್ ಆದ ಪಿ.ಟಿ. ಸರ್ ಒಬ್ಬರು ವ್ಯಾಯಾಮದ ಬಳಗ ಶುರುಮಾಡಿದ್ದಾರೆ, ನೂರು ದಿನದಲ್ಲಿ ಎಲ್ಲರನ್ನೂ ಹತ್ತು ಕಿಲೋಮೀಟರ್ ಓಡಿಸುತ್ತಾರಂತೆ, ನೀವೂ ಬರ್ರಿ ಎಂದರು. ಹೆಸರು ಕೇಳಿದೆ. ಅದೇ ಹೆಸರು.

ಸೇರಿಸಿಕೊಳ್ಳುವಾಗ ನಿಮ್ಮನ್ನು ಏನೇನು ಕೇಳಿದರು ಎಂದು ವಿಚಾರಿಸಿದೆ.

"ವಯಸ್ ಕೇಳಿದ್ರು, ಬೂಟಿನ ನಂಬರ್ ಕೇಳಿದ್ರು," ಎಂದರು ವೈನಿ. "ಬಿಪಿ ಗುಳಿಗಿ ತಗೋತೇನ್ರಿ ಅಂತ ನಾನ ಹೇಳಿದೆ. ನೂರ ದಿನಾ ಮುಗೀಲಿ, ಗುಳಿಗಿ ಡಬ್ಬಿ ತಿಪ್ಪಿಗೆ ಒಗೀತೀರಿ ಅಂದ್ರು."

ಅವತ್ತು ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪು ಸೋಸುತ್ತ ಸೋಸುತ್ತ ಒಳ್ಳೆಯ ಎಲೆಗಳನ್ನೂ ಕಸಕ್ಕೆ ಹಾಕಿದೆ. ಮೂವತ್ತು ವರ್ಷವಾದರೂ ಆ ಮನುಷ್ಯ ಸಾಲಿನಲ್ಲಿ ನಿಲ್ಲಿಸಿ ಸೀಟಿ ಊದುವುದನ್ನು ಬಿಟ್ಟಿರಲಿಲ್ಲ. ವೈನಿಯ ಬಗ್ಗೆ ಚಿಂತೆಯಾದದ್ದು ನಿಜ. ಆದರೆ ಚಿಂತೆಗಿಂತ ಮೊದಲು ಎದ್ದದ್ದು ಬೇರೆ. ಈ ಸಲ ಅವರನ್ನು ಸಾಲಿನಲ್ಲಿ ನಿಲ್ಲಿಸಬೇಕು ಅನ್ನಿಸಿತು.

ಮರುದಿನ ನಮ್ಮ ಡಾಕ್ಟರ ಹತ್ತಿರ ಬಳಗದ ಸುದ್ದಿ ಹೇಳಿದೆ. ಮಾಸ್ತರರ ಜೊತೆಗಿನ ಹಳೆಯ ಲೆಕ್ಕ ಹೇಳಲಿಲ್ಲ. ಡಾಕ್ಟರಿಗೆ ಎಪ್ಪತ್ತು ಸಮೀಪಿಸಿದೆ, ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಲವತ್ತು ದಾಟಿದವರು, ಬಿಪಿ ಸಕ್ಕರೆ ಇರುವವರು, ವರ್ಷಾನುಗಟ್ಟಲೆ ಕೂತೇ ಇದ್ದವರು ಒಮ್ಮೆಲೇ ಓಡಲು ಹೋಗಬಾರದು. ನಡೆದಾಗ ಎದೆ ಬಿಗಿಯುತ್ತದೆಯೇ, ತಲೆ ತಿರುಗಿ ಬಿದ್ದದ್ದುಂಟೇ, ಯಾವ ಗುಳಿಗೆ ನುಂಗುತ್ತೀರಿ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ಹೋದದ್ದುಂಟೇ, ಇಷ್ಟಾದರೂ ಕೇಳದೆ ಬಿಡುವುದು ಹೇಗೆ ಎಂದರು. ಅಲ್ಲೇ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟರು. ಬೇಕಾದವರು ಬಂದು ತೋರಿಸಿಕೊಳ್ಳಲಿ ಎಂದರು.

ನಾನು ಆ ಹಾಳೆಯ ಪ್ರತಿಗಳನ್ನು ಮಾಡಿಸಿ ವೈನಿಯ ಕೈಗೆ ಕೊಟ್ಟೆ. ಜೊತೆಗೆ ಒಂದು ಮಾತನ್ನೂ ಅವರ ಬಾಯಿಗೆ ಹಾಕಿದೆ. ಜನ ಹಿಂದೆಮುಂದೆ ನೋಡಿದರೆ, 'ಮೊದಲು ಸರ್ ತೋರಿಸಲಿ, ಆಮೇಲೆ ನಾವು' ಅನ್ನಿ ಎಂದೆ. ವೈನಿ ಭೋಳೆ ಸ್ವಭಾವದವರು. ಹಾಗೆಯೇ ಹೇಳಿದರು. ಬಳಗದವರೆಲ್ಲ ನಕ್ಕು, ಹೌದು ಹೌದು, ಮೊದಲು ಸರ್ ಎಂದರಂತೆ. ಅರವತ್ತೆರಡು ವಯಸ್ಸಿನಲ್ಲಿ ಇಪ್ಪತ್ತೆರಡರವನ ಹಾಗೆ ಇದ್ದೇನೆ ಎಂದು ದಿನಾ ಹೇಳಿಕೊಳ್ಳುವ ಮನುಷ್ಯ, ಅಷ್ಟು ಜನರೆದುರು ಒಲ್ಲೆ ಅನ್ನಲು ಬರುತ್ತದೆಯೇ?

ಗುರುವಾರ ಬೆಳಿಗ್ಗೆ ಬಂದರು. ಕೂದಲು ಬೆಳ್ಳಗಾಗಿತ್ತು, ಬೂಟು ಇನ್ನೂ ಬಿಳಿಯೇ. ನನ್ನ ಗುರುತು ಹತ್ತಲಿಲ್ಲ. ನಾನು ಹಾಳೆ ಹಿಡಿದು ಒಂದೊಂದೇ ಪ್ರಶ್ನೆ ಕೇಳಿದೆ. ಬೇಕೆಂದೇ ನಿಧಾನವಾಗಿ ಕೇಳಿದೆ. ಎಲ್ಲದಕ್ಕೂ ಇಲ್ಲ, ಇಲ್ಲ ಅಂದರು. ಎದೆ ಬಿಗಿಯುವ ಪ್ರಶ್ನೆಗೆ ಮಾತ್ರ ಛಾವಣಿ ನೋಡಿ, ಮೆಟ್ಟಿಲು ಹತ್ತಿದಾಗ ಒಮ್ಮೊಮ್ಮೆ ಗ್ಯಾಸ್ ಆಗುತ್ತದೆ, ಅದನ್ನೇನು ಬರೆಯುತ್ತೀರಿ ಎಂದರು. ಬರೆದೆ. ಅಂಗಿ ತೆಗೆಯಿರಿ ಎಂದೆ, ತೆಗೆದರು. ಮಲಗಿರಿ ಎಂದೆ, ಮಲಗಿದರು. ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದಾಗ ಅವರ ಮೈ ಜುಮ್ಮೆಂದದ್ದು ಕಂಡಿತು. ಗುಂಡಿ ಒತ್ತಿದೆ.

ಕಾಗದ ಸರಸರ ಹೊರಬಂತು. ನಾಲ್ಕನೇ ಸಾಲಿಗೇ ಗೊತ್ತಾಯಿತು. ಸಪಾಟಾಗಿರಬೇಕಾದ ಕಡೆ ಗೆರೆ ಕೆಳಗೆ ಜಗ್ಗಿತ್ತು, ಒಂದರಲ್ಲಲ್ಲ, ಉದ್ದಕ್ಕೂ. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಬೆರಳ ತುದಿಯವರೆಗೂ ಬಿಸಿ ಹರಿಯಿತು.

ಡಾಕ್ಟರು ನೋಡಿ, ಓಟ ಇವತ್ತಿನಿಂದಲೇ ಬಂದ್, ಈ ವಾರವೇ ಹುಬ್ಬಳ್ಳಿಗೆ ಹೋಗಿ ಹೃದಯದ ತಜ್ಞರಿಗೆ ತೋರಿಸಬೇಕು, ರಕ್ತನಾಳ ಕಟ್ಟಿಕೊಂಡಿರುವ ಸಂಭವವಿದೆ ಎಂದು ಕಾಗದ ಬರೆದುಕೊಟ್ಟರು. ಮಾಸ್ತರರು ತಲೆಯಾಡಿಸಿದರು. ಆದರೆ ಹೊರಗೆ ಹೋಗದೆ ಮತ್ತೆ ನನ್ನ ಕೋಣೆಗೆ ಬಂದರು. ಬಾಗಿಲು ಅರ್ಧ ಮುಚ್ಚಿ, ಮೆಲ್ಲಗೆ ಹೇಳಿದರು.

"ತಂಗಿ, ಮಷಿನ್ ಏನೋ ತಪ್ಪ್ ತೋರಸಾಕತ್ತೈತಿ. ನಲವತ್ತ ವರ್ಷ ಓಡೇನಿ ನಾ. ಬ್ಯಾರೇದವರದ್ ಒಂದ್ ಚೊಲೋ ಗೆರಿ ಇದ್ರ ಕೊಡು. ಬಳಗದಾಗ ತೋರಸಾಕ, ಅಷ್ಟ."

ನನ್ನ ಟೇಬಲ್ಲಿನ ಡ್ರಾದಲ್ಲಿ ಅಂಥದೊಂದಿತ್ತು. ಮಷಿನ್ ರಿಪೇರಿಗೆ ಬಂದವರು ಪ್ರತಿ ಸಲ ನನ್ನ ಮೇಲೆಯೇ ಪರೀಕ್ಷೆ ಮಾಡಿ ನೋಡುತ್ತಾರೆ. ಹಿಂದಿನ ತಿಂಗಳ ನನ್ನ ಇಸಿಜಿ, ಹೆಸರು ಬರೆಯದ್ದು, ಅಲ್ಲೇ ಬಿದ್ದಿತ್ತು. ಕವಾಟ ಸೋರಿದರೂ ನನ್ನ ಗೆರೆ ತಿದ್ದಿ ಬರೆದ ಹಾಗೆ ಬರುತ್ತದೆ. ಡ್ರಾ ತೆರೆದು ಅದನ್ನು ಕೈಗೆ ತೆಗೆದುಕೊಂಡೆ. ಅವರು ಕೈ ಚಾಚಿದರು. ಅವರ ಹೆಸರು ಬರೆದು ಕೊಟ್ಟರೆ ಮುಗಿಯಿತು. ಭಾನುವಾರ ಓಡುತ್ತಾರೆ, ಅದರ ಮುಂದಿನ ಭಾನುವಾರವೂ ಓಡುತ್ತಾರೆ. ಕೇಳಿದವರು ಅವರೇ, ಕೊಟ್ಟದ್ದಷ್ಟೇ ನಾನು.

ಕೊಡಲಿಲ್ಲ. ದಯೆಯಿಂದ ಅಲ್ಲ. ಮೈದಾನದಲ್ಲಿ ಬಿದ್ದು ಹೋದರೆ ಊರು ಅವರನ್ನು, ಓಡುತ್ತ ಓಡುತ್ತಲೇ ಹೋದ ಪುಣ್ಯಾತ್ಮ ಎನ್ನುತ್ತಿತ್ತು. ಬ್ಯಾನರ್ ಕಟ್ಟಿ ಹೂವಿನ ಹಾರ ಹಾಕುತ್ತಿತ್ತು. ಅದು ನನಗೆ ಬೇಡವಾಗಿತ್ತು. ಆ ಮನುಷ್ಯ ಬದುಕಿರಬೇಕಿತ್ತು. ಬದುಕಿ, ಕಣ್ಣು ಬಿಟ್ಟುಕೊಂಡು, ಜನರೆದುರು ತಲೆ ತಗ್ಗಿಸಿ ನಿಲ್ಲಬೇಕಿತ್ತು. ಕಾಗದವನ್ನು ಮತ್ತೆ ಡ್ರಾದೊಳಗಿಟ್ಟೆ. ನಾನು ಯಾರು ಎಂದು ಹೇಳಿದೆ. ಶಾಲೆ, ಇಯತ್ತೆ, ಅಪ್ಪನ ಹೊಲಿಗೆ ಅಂಗಡಿ, ಮೂರನೇ ಸುತ್ತು, ಎಲ್ಲ ಹೇಳಿದೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನೆನಪಿಲ್ಲವಾ. ಮೂವತ್ತೈದ ವರ್ಷ ಹುಡುಗೂರನ್ನ ಓಡಿಸೇನಿ. ಎಷ್ಟೋ ಮಂದಿ ಬಿದ್ದಾರ."

"ಮುಂಡಗೋಡದವರು ಹೆಣ್ಣ ಕೇಳಾಕ ಬಂದಿದ್ರಲ್ರಿ ಸರ್, ಅದರ ನೆನಪೈತಿ?"

ಅದು ಅವರಿಗೆ ನೆನಪಿತ್ತು. ಮುಖದ ಮೇಲೆ ಕಂಡಿತು. "ಕೇಳಿದ್ರು. ಇದ್ದದ್ದ ಹೇಳಿದೆ," ಎಂದರು.

"ಇದ್ದದ್ದು ನಿಮಗ ಗೊತ್ತಿತ್ತಂದ್ರ, ನನ್ನ ಯಾಕ ಓಡಿಸಿದ್ರಿ?"

ಹೊರಗೆ ಯಾರೋ ಬಾಗಿಲು ತಟ್ಟಿದರು. ಮಾಸ್ತರರು ಡಾಕ್ಟರ ಕಾಗದವನ್ನು ಸುರುಳಿ ಸುತ್ತಿ ಕೈಚೀಲದಲ್ಲಿ ತುರುಕಿಕೊಂಡು ಹೊರಟುಹೋದರು.

ಇಷ್ಟಕ್ಕಾದರೂ ಹುಬ್ಬಳ್ಳಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಶನಿವಾರ ಸಂಜೆ ವೈನಿ ಹಿತ್ತಿಲ ಗೋಡೆಯ ಆಚೆಯಿಂದ, ಸರ್ ರಿಪೋರ್ಟು ಫಸ್ಟ್ ಕ್ಲಾಸ್ ಬಂದಿದೆಯಂತೆ, ಹಾಗಂತ ಬಳಗದ ಮೊಬೈಲ್ ಗ್ರೂಪಿನಲ್ಲಿ ಬರೆದಿದ್ದಾರೆ, ನಾಳೆಯಿಂದ ಓಟ ಶುರು ಎಂದರು. ಹೌದೇನು, ನೀವೇ ತೆಗೆದದ್ದಲ್ಲವೇ ಎಂದೂ ಕೇಳಿದರು. ಒಂದು ಮಾತು ಸಾಕಾಗಿತ್ತು. ನನ್ನ ಬಗ್ಗೆ ಮಾಸ್ತರರು ಆಡಿದಷ್ಟೇ ಉದ್ದದ ಒಂದು ಮಾತು. ಆದರೆ ದವಾಖಾನೆಯಲ್ಲಿ ಕಂಡದ್ದನ್ನು ಹೊರಗೆ ಆಡುವ ಹಾಗಿಲ್ಲ. ಆಡಿದರೆ ನಾನೂ ಅವರೂ ಒಂದೇ ಆಗುತ್ತಿದ್ದೆವು. ಏನೂ ಹೇಳದೆ ಒಳಗೆ ಹೋಗಿ, ಟ್ರಂಕಿನಿಂದ ನನ್ನ ಆಸ್ಪತ್ರೆ ಫೈಲು ತೆಗೆದೆ.

ಭಾನುವಾರ ಆರು ಗಂಟೆಗೆ ವೈನಿಯ ಜೊತೆ ಬಂಗೂರನಗರದ ಮೈದಾನಕ್ಕೆ ಹೋದೆ. ಮಂಜು ಇನ್ನೂ ಕರಗಿರಲಿಲ್ಲ. ಮೂವತ್ತೈದು ನಲವತ್ತು ಜನ ಸಾಲಾಗಿ ನಿಂತಿದ್ದರು: ಕಾರ್ಖಾನೆಯವರು, ಅವರ ಹೆಂಡಂದಿರು, ಬ್ಯಾಂಕಿನವರು, ಇಬ್ಬರು ಟೀಚರುಗಳು. ಮಾಸ್ತರರು ನನ್ನನ್ನು ನೋಡಿ, ಕೊರಳಿನ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡರು. ನಾನು ನೇರವಾಗಿ ಅವರ ಮುಂದೆ ಹೋಗಿ ನಿಂತೆ.

"ಸರ್, ನಾನೂ ಸೇರಬೇಕಂತ ಬಂದೇನ್ರಿ. ಇದು ನನ್ನ ಚೀಟಿ. ಎಲ್ಲಾರಿಗೂ ಕೇಳುವಂಗ ಓದ್ರಿ."

ಒಲ್ಲೆ ಅನ್ನಲು ಅವರಿಗೆ ದಾರಿಯಿರಲಿಲ್ಲ. ಹೃದಯದ ತಜ್ಞರು ಆ ವರ್ಷ ನನಗೆ ಬರೆದುಕೊಟ್ಟದ್ದನ್ನು ಓದಿದರು. ಕವಾಟ ಸ್ವಲ್ಪ ಸೋರುತ್ತದೆ, ಬಿರುಸಾಗಿ ನಡೆಯಬಹುದು, ಪೈಪೋಟಿಯ ಓಟ ಬೇಡ, ಉಸಿರು ಕಟ್ಟಿದರೆ ನಿಲ್ಲಬೇಕು. ಓದುವಾಗ ಅವರ ದನಿ ಎರಡು ಸಲ ತಡವರಿಸಿತು.

"ಈಗ ನಿಮ್ದ್ ಓದ್ರಿ ಸರ್," ಎಂದೆ.

ಅವರು ಕಿಸೆ ಮುಟ್ಟಿಕೊಂಡರು. ಮನೆಯಲ್ಲಿದೆ ಎಂದರು. ತನ್ನಿ ಸರ್, ನಿಂತಿರುತ್ತೇವೆ, ನೀವು ಬರುವ ತನಕ ಇವರು ಯಾರೂ ಓಡುವುದಿಲ್ಲ ಎಂದೆ. ಸಾಲಿನ ಹಿಂದಿನಿಂದ ಒಬ್ಬರು, ಫೋಟೋ ಇದ್ದರೆ ಮೊಬೈಲಿನಲ್ಲೇ ತೋರಿಸಿ ಸರ್ ಎಂದರು. ಇನ್ನೊಬ್ಬರು ನಕ್ಕರು. ವೈನಿ ನನ್ನ ಮುಖ ನೋಡಿದರು, ಮಾಸ್ತರರ ಮುಖ ನೋಡಿದರು; ಆಮೇಲೆ ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು. ಮಾಸ್ತರರು ಮೈದಾನ ದಾಟಿ ಗೇಟಿನ ಕಡೆ ನಡೆದರು. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನು ಹಿಂದೆ ಓಡಿ ಹೋಗಲಿಲ್ಲ. ಅವರ ಬೆನ್ನನ್ನು ನೋಡುತ್ತ ನಿಂತೆ. ಅಷ್ಟು ವರ್ಷಗಳಲ್ಲಿ ನನಗೆ ಅಷ್ಟು ಹಗುರವಾದ ಬೆಳಗು ಇನ್ನೊಂದಿಲ್ಲ. ಬೇಕಾದರೆ ನನ್ನನ್ನು ಕೆಟ್ಟವಳು ಅನ್ನಿ.

ಅವರು ಮರಳಿ ಬರಲಿಲ್ಲ. ಮಂಗಳವಾರ ಅವರ ಮನೆಯವರು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಎರಡು ಕಡೆ ಕಟ್ಟಿಕೊಂಡಿತ್ತಂತೆ, ಸ್ಟೆಂಟ್ ಹಾಕಿದರು. ಇನ್ನೊಂದು ವಾರ ಓಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯವರು ಹೇಳಿದರಂತೆ. ಹೀಗಾಗಿ ಪೇಟೆಯಲ್ಲಿ ಸಿಕ್ಕವರೆಲ್ಲ ನನಗೆ, ಗುರುವಿನ ಪ್ರಾಣ ಉಳಿಸಿದೆಯವ್ವ ಎನ್ನತೊಡಗಿದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಅದಕ್ಕೆ ಹೋಗಿರಲಿಲ್ಲ.

ಡಾಕ್ಟರಿಗೆ ಮೈದಾನದ ಸುದ್ದಿ ಮುಟ್ಟಿತು. ಕರೆಸಿ, ಬಾಗಿಲು ಹಾಕಿಸಿ, ಒಂದೇ ಮಾತು ಕೇಳಿದರು. "ಆ ಮನುಷ್ಯಾನ್ನ ಉಳಸಾಕ ಹೋಗಿದ್ದೇನ್, ಕೆಡವಾಕ ಹೋಗಿದ್ದೇನ್?"

"ಕೆಡವಾಕ್ರಿ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ನೀನು ಬಾಯಿ ಬಿಡಲಿಲ್ಲ ಎಂಬುದು ನಿಜ, ಆದರೆ ಇಲ್ಲಿ ಕಂಡದ್ದನ್ನು ಕತ್ತಿ ಮಾಡಿಕೊಂಡು ಹೋದೆ, ಇನ್ನು ಮೇಲೆ ಅವರ ಇಸಿಜಿ ನಾನೇ ತೆಗೆಯುತ್ತೇನೆ, ನೀನು ಮುಟ್ಟಬೇಡ ಎಂದರು. ಒಪ್ಪಿಕೊಂಡೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೂರು ತಿಂಗಳ ಮೇಲೆ ಮಾಸ್ತರರು ತೋರಿಸಿಕೊಳ್ಳಲು ಬಂದರು. ಇಳಿದುಹೋಗಿದ್ದರು. ಡಾಕ್ಟರು ಎಲ್ಲ ಮುಗಿಸಿ ಕಳಿಸಿದ ಮೇಲೂ ಹೋಗದೆ ಹೊರಗಿನ ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ನಾನು ಊಟಕ್ಕೆ ಹೊರಟಾಗ ಎದ್ದು ನಿಂತರು.

"ಅವತ್ತ ತಾಲೂಕ ಕ್ರೀಡಾಕೂಟಕ್ಕ ಒಬ್ಬಾಕಿ ಹುಡಿಗಿ ಕಡಿಮಿ ಬಿದ್ದಿದ್ಳು. ಹೆಸರ ಕಳಸೂ ಕಡೀ ದಿನಾ. ಅದಕ್ಕ ನಿನ್ನ ಓಡಿಸಿದೆ," ಎಂದರು. "ನೆನಪಿಲ್ಲ ಅಂದಿದ್ದು ಸುಳ್ಳು. ಮುಂಡಗೋಡದವರಿಗೆ ಯಾಕ ಹೇಳಿದೆ ಅನ್ನೂದಕ್ಕ ನನ್ನ ಕಡೆ ಉತ್ತರ ಇಲ್ಲ."

ಒಬ್ಬಾಕಿ ಕಡಿಮೆ ಬಿದ್ದಿದ್ದಳು. ಅಷ್ಟಕ್ಕೆ. ನಾನು ಇಷ್ಟು ವರ್ಷ ಅದರ ಹಿಂದೆ ಏನೇನೋ ಕಲ್ಪಿಸಿಕೊಂಡಿದ್ದೆ, ನನ್ನ ಮೇಲೆ ಯಾವುದೋ ದ್ವೇಷವಿತ್ತು ಎಂದುಕೊಂಡಿದ್ದೆ. ದ್ವೇಷವಾದರೂ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಹಿರಿಯರು ಹೀಗೆ ನಿಂತಾಗ, ಇರಲಿ ಬಿಡ್ರಿ ಎನ್ನುವುದು ವಾಡಿಕೆ. ಆ ಮಾತು ನನ್ನ ನಾಲಿಗೆಯ ತುದಿಗೂ ಬಂತು.

"ಇರಲಿ ಬಿಡ್ರಿ ಅಂತ ನಾ ಅನ್ನೂದಿಲ್ಲ ಸರ್," ಎಂದೆ. "ಗುಳಿಗಿ ಟೈಮಿಗೆ ತಗೋರಿ. ಬರ್ತೇನಿ."

ಅವರು ಗೋಣು ಹಾಕಿದರು. ನಾನು ಮೆಟ್ಟಿಲಿಳಿದು ಬಂದೆ.

ಬಳಗ ನಿಂತಿಲ್ಲ. ಇಬ್ಬರು ಟೀಚರುಗಳಲ್ಲಿ ಒಬ್ಬರು ನಡೆಸುತ್ತಾರೆ. ಹೊಸಬರು ಹಾಳೆ ತುಂಬಿ, ಬಿಪಿ, ಸಕ್ಕರೆ ನೋಡಿಸಿಕೊಂಡು, ಡಾಕ್ಟರು ಹೂಂ ಅಂದ ಮೇಲೆಯೇ ಸಾಲಿಗೆ ಬರಬೇಕು. ಹಾಳೆ ತುಂಬುವಾಗ ಸುಳ್ಳು ಬರೆಯುವವರು ಇದ್ದೇ ಇದ್ದಾರೆ. ನಾನು ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಕೇಳುತ್ತೇನೆ, ಜಗಳಗಂಟಿ ಎನ್ನಿಸಿಕೊಂಡಿದ್ದೇನೆ. ವೈನಿಯ ಗುಳಿಗೆ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ. ಅವರು ಈಗ ನಿಧಾನವಾಗಿ ಮೂರು ಕಿಲೋಮೀಟರ್ ಓಡುತ್ತಾರೆ. ನಾನು ಹೊರಗಿನ ಸುತ್ತಿನಲ್ಲಿ ನಡೆಯುತ್ತೇನೆ.

ಮಾಸ್ತರರೂ ಬೆಳಿಗ್ಗೆ ನಡೆಯುತ್ತಾರೆ, ಮೈದಾನದಲ್ಲಲ್ಲ, ಆಚೆಯ ರಸ್ತೆಯಲ್ಲಿ. ಒಮ್ಮೊಮ್ಮೆ ಎದುರಾಗುತ್ತಾರೆ. ಅವರು ಕೈಮುಗಿಯುತ್ತಾರೆ. ಸಿಟ್ಟು ಹೋಯಿತೇನ್ರಿ ಎಂದು ವೈನಿ ಮೊನ್ನೆ ಕೇಳಿದರು. ಹೋಗಿಲ್ಲ ಎಂದೆ. ಮೊದಲಿನ ಹಾಗೆ ದಿನಾ ಏಳುವುದಿಲ್ಲ, ಅಷ್ಟೇ. ವೈನಿ ತಮ್ಮ ಎರಡನೇ ಸುತ್ತಿಗೆ ಹೊರಟರು.